ಶಾಲಾ ಮರಗೆಲಸದಲ್ಲಿ ಮಣೆ ತಯಾರಿಕೆ

ಮಣೆಯು ನೆಲದ ಮೇಲೆ ಕುಳಿತುಕೊಳ್ಳಲು ಬಳಸುವ ತಗ್ಗಾದ ಮರದ ಆಸನ. ಕರ್ನಾಟಕದ ಮನೆಗಳಲ್ಲಿ ಊಟ, ಪೂಜೆ ಹಾಗೂ ಮದುವೆಯ ಸಂದರ್ಭಗಳಲ್ಲಿ ಇದರ ಬಳಕೆಯಿದೆ. ಒಂದು ಹಲಗೆ ಮತ್ತು ಅದರ ಕೆಳಗೆ ಅಡ್ಡಲಾಗಿ ಕೂಡಿಸಿದ ಎರಡು ಅಡಿಪಟ್ಟಿಗಳು ಇದರ ಭಾಗಗಳು. ಅಳತೆ, ಕೊಯ್ತ, ಮಟ್ಟ ಮತ್ತು ಜೋಡಣೆ ಎಂಬ ನಾಲ್ಕು ಮೂಲ ಕೌಶಲಗಳೂ ಇದರಲ್ಲಿ ಅಡಕವಾಗಿರುವುದರಿಂದ, ಶಾಲೆಯ ಮರಗೆಲಸ ತರಗತಿಯ ಮೊದಲ ವಸ್ತುವಾಗಿ ಮಣೆಯು ಸೂಕ್ತವಾಗಿದೆ.

ಹಿನ್ನೆಲೆ

ಕೈಕೆಲಸವನ್ನು ವೃತ್ತಿತರಬೇತಿಯಾಗಿ ಮಾತ್ರವಲ್ಲದೆ ಸಾಮಾನ್ಯ ಶಿಕ್ಷಣದ ಅಂಗವಾಗಿ ಕಲಿಸುವ ಪದ್ಧತಿಯನ್ನು 19ನೆಯ ಶತಮಾನದಲ್ಲಿ ಫಿನ್‌ಲ್ಯಾಂಡಿನ ಊನೊ ಸಿಗ್ನೇಯಸ್ ಮತ್ತು ಸ್ವೀಡನ್ನಿನ ಆಟೊ ಸಾಲೊಮನ್ ರೂಪಿಸಿದರು. ಭಾರತದಲ್ಲಿ 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕಸುಬನ್ನು ಕೇಂದ್ರವಾಗಿರಿಸಿಕೊಂಡ ಮೂಲಶಿಕ್ಷಣವನ್ನು ಪ್ರತಿಪಾದಿಸಿದರು. 1964–66ರ ಕೊಠಾರಿ ಆಯೋಗವು ಕಾರ್ಯಾನುಭವವನ್ನು ಶಿಫಾರಸು ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಮರಗೆಲಸ ಮೊದಲಾದ ಕಸುಬುಗಳ ಪರಿಚಯ ಪಡೆಯಬೇಕೆಂದೂ, ಹತ್ತು ದಿನ ಪುಸ್ತಕಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಬೇಕೆಂದೂ ಸೂಚಿಸಿದೆ.

ಮರ ಮತ್ತು ಸಲಕರಣೆಗಳು

ಸಾಂಪ್ರದಾಯಿಕವಾಗಿ ಮಣೆಗೆ ಹಲಸಿನ ಮರ ಪ್ರಸಿದ್ಧವಾದುದು. ಶಾಲೆಗಳಲ್ಲಿ ಸಿಲ್ವರ್ ಓಕ್ ಅಥವಾ ಪೀಠೋಪಕರಣ ಅಂಗಡಿಗಳಲ್ಲಿ ಉಳಿದ ತೇಗದ ತುಂಡುಗಳನ್ನೂ ಬಳಸಬಹುದು. ಮರವು ಚೆನ್ನಾಗಿ ಒಣಗಿರಬೇಕು. ಮರಜಾತಿಗಳನ್ನು ಮಕ್ಕಳಿಗೆ ಪರಿಚಯಿಸಲು ವಿಲ್ಸನ್ ಗಾರ್ಡನ್, ಜಯನಗರ ಭಾಗದ ಶಾಲೆಗಳಿಗೆ ಲಾಲ್‌ಬಾಗ್ ಸಮೀಪದಲ್ಲಿದೆ. ಮರದ ಗುಣಗಳ ಕುರಿತು ಸಂಶೋಧನೆ ನಡೆಸುವ ಕೇಂದ್ರ ಸಂಸ್ಥೆಯೊಂದು ಮಲ್ಲೇಶ್ವರದಲ್ಲಿದೆ.

ಬೇಕಾಗುವ ಸಲಕರಣೆಗಳು: ಅಳತೆಪಟ್ಟಿ, ಮೂಲೆಮಟ್ಟ, ಪೆನ್ಸಿಲ್, ಗರಗಸ, ಉಜ್ಜುಗೊರಡು, ಕೈಬೈರಿಗೆ, ಸ್ಕ್ರೂಡ್ರೈವರ್, ಉಪ್ಪುಕಾಗದ. ಹಲಗೆಯ ಅಳತೆ 45×25×2.5 ಸೆಂ.ಮೀ.; ಅಡಿಪಟ್ಟಿಗಳ ಅಳತೆ ತಲಾ 23×5×2.5 ಸೆಂ.ಮೀ. 40 ಮಿ.ಮೀ. ಉದ್ದದ ಆರು ಸ್ಕ್ರೂಗಳು ಸಾಕು.

ತಯಾರಿಸುವ ವಿಧಾನ

1. ಹಲಗೆಯ ಒಂದು ಮುಖವನ್ನೂ ಒಂದು ಅಂಚನ್ನೂ ಉಜ್ಜುಗೊರಡಿನಿಂದ ಸಮಗೊಳಿಸಿ ಗುರುತು ಹಾಕಬೇಕು. ಮುಂದಿನ ಎಲ್ಲ ಅಳತೆಗಳಿಗೂ ಇವೇ ಆಧಾರ.
2. ಮೂಲೆಮಟ್ಟವನ್ನು ಆಧಾರದ ಅಂಚಿಗೆ ಒತ್ತಿ ಹಿಡಿದು ಗೆರೆ ಎಳೆಯಬೇಕು. ಗರಗಸವು ಗೆರೆಯ ಹೊರಬದಿಯಲ್ಲಿ, ಬಿಸಾಡುವ ಭಾಗದ ಮೇಲೆ ಸಾಗಬೇಕು. ಗೆರೆಯ ಮೇಲೆಯೇ ಕೊಯ್ದರೆ ಹಲಗೆಯ ಉದ್ದ ಕಡಿಮೆಯಾಗುತ್ತದೆ.
3. ಹಲಗೆಯ ಎರಡೂ ತುದಿಗಳಿಂದ 7 ಸೆಂ.ಮೀ. ಒಳಗೆ ಅಡಿಪಟ್ಟಿಗಳ ಸ್ಥಾನವನ್ನು ಗುರುತಿಸಬೇಕು.
4. ಪ್ರತಿ ಅಡಿಪಟ್ಟಿಯಲ್ಲಿ ಮೂರು ರಂಧ್ರಗಳನ್ನು ಕೊರೆಯಬೇಕು. ನಡುವಿನದು ಸ್ಕ್ರೂವಿನ ಗಾತ್ರಕ್ಕೆ ಸರಿಯಾಗಿರಬೇಕು. ಅಕ್ಕಪಕ್ಕದ ಎರಡು ರಂಧ್ರಗಳನ್ನು ಪಟ್ಟಿಯ ಉದ್ದಕ್ಕೆ ತುಸು ನೀಳವಾಗಿಸಬೇಕು.
5. ಅಂಟು ಹಾಕದೆ ಸ್ಕ್ರೂಗಳಿಂದ ಜೋಡಿಸಿ, ಎಳೆಯ ದಿಕ್ಕಿನಲ್ಲಿ ಉಪ್ಪುಕಾಗದದಿಂದ ಉಜ್ಜಿ, ಎಣ್ಣೆ ಸವರಬೇಕು.

ನೀಳ ರಂಧ್ರಗಳ ಕಾರಣ

ಮರವು ಮಳೆಗಾಲದಲ್ಲಿ ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಈ ಬದಲಾವಣೆ ಎಳೆಯ ಉದ್ದಕ್ಕೆ ಅತ್ಯಲ್ಪ. ಅಡ್ಡಲಾಗಿ 25 ಸೆಂ.ಮೀ. ಅಗಲದ ಹಲಗೆಯಲ್ಲಿ ಎರಡು ಮೂರು ಮಿ.ಮೀ. ಆಗಬಹುದು. ಅಡಿಪಟ್ಟಿಯ ಎಳೆ ಹಲಗೆಯ ಎಳೆಗೆ ಅಡ್ಡವಾಗಿರುವುದರಿಂದ ಎರಡೂ ಒಂದೇ ಪ್ರಮಾಣದಲ್ಲಿ ಚಲಿಸುವುದಿಲ್ಲ. ಬಿಗಿಯಾಗಿ ಅಂಟಿಸಿದರೆ ಹಲಗೆ ಸೀಳುವ ಸಂಭವವಿದೆ. ಹಳೆಯ ಮಣೆಗಳಲ್ಲಿ ಅಡಿಪಟ್ಟಿಯನ್ನು ಗಾಡಿಯೊಳಗೆ ಜಾರಿಸಿ ಕೂರಿಸುತ್ತಿದ್ದ ಕ್ರಮವೂ ಹಲಗೆಗೆ ಇದೇ ಅವಕಾಶವನ್ನು ಕೊಡುತ್ತದೆ.

ಸುರಕ್ಷತೆ

ಹಲಗೆಯನ್ನು ಕೊಯ್ಯುವ ಮೊದಲು ಮೇಜಿಗೆ ಬಿಗಿಯಬೇಕು. ಬೆರಳುಗಳು ಹರಿತವಾದ ಅಲಗಿನ ಮುಂದೆ ಇರಬಾರದು. ಮೊಂಡಾದ ಸಲಕರಣೆಗೆ ಹೆಚ್ಚು ಬಲ ಬೇಕಾಗಿ ಅದು ಜಾರುವುದರಿಂದ, ಹರಿತವಾದುದಕ್ಕಿಂತ ಅದೇ ಹೆಚ್ಚು ಅಪಾಯಕಾರಿ. ಉಜ್ಜುವಾಗ ಮೂಗಿಗೆ ಮುಖಗವಸು ಇರಬೇಕು.

ಮೌಲ್ಯಮಾಪನ

ಹೊಳಪನ್ನು ನೋಡಿ ಅಂಕ ಕೊಡುವುದು ರೂಢಿಯಲ್ಲಿದ್ದರೂ ಹೊಳಪಿನಿಂದ ಕೆಲಸದ ನಿಖರತೆ ತಿಳಿಯುವುದಿಲ್ಲ. ಮಣೆಯನ್ನು ಸಮತಟ್ಟಾದ ನೆಲದ ಮೇಲಿಟ್ಟು ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಒತ್ತಿದಾಗ ಅದು ಅಲುಗಾಡಬಾರದು. ಅಲುಗಾಡಿದರೆ ದೋಷ ಅಳತೆಯಲ್ಲಿದೆಯೋ, ಸಮಗೊಳಿಸುವಲ್ಲಿದೆಯೋ, ಜೋಡಣೆಯಲ್ಲಿದೆಯೋ ಎಂಬುದನ್ನು ವಿದ್ಯಾರ್ಥಿಯೇ ಮೂಲೆಮಟ್ಟದಿಂದ ಪತ್ತೆಹಚ್ಚಬಹುದು. ಅಂಟು ಹಾಕಿಲ್ಲವಾದ್ದರಿಂದ ಸ್ಕ್ರೂ ಬಿಚ್ಚಿ ತಿದ್ದಲು ಸಾಧ್ಯ. ಆದುದರಿಂದ ಅಂಕ ನೀಡುವ ಮುನ್ನ ತಿದ್ದಲು ಒಂದು ಅವಧಿಯನ್ನು ಮೀಸಲಿಡುವುದು ಉಚಿತ.