ಮಾತಿಗೆ ಮೊದಲು ಸರಕು: ಇಂಗ್ಲಿಷ್ ಪರೀಕ್ಷೆಗೆ ಕನ್ನಡದಲ್ಲೇ ತಯಾರಿ



ಸ್ಟುಡಿಯೋದ ಗಾಜಿನ ಈಚೆ ಕುಳಿತು, ಆಚೆ ಮಾತನಾಡುವವರನ್ನು ಗಮನಿಸುವುದು ನನ್ನ ವೃತ್ತಿ. ಹೊರಗೆ ಕಾಫಿ ಕುಡಿಯುತ್ತಾ ಅರ್ಧ ಗಂಟೆ ಸೊಗಸಾಗಿ ಮಾತನಾಡಿದ ಅತಿಥಿಗಳು ಕ್ಯಾಮೆರಾದ ಕೆಂಪು ದೀಪ ಹತ್ತಿದೊಡನೆ 'ಹೌದು', 'ಇಲ್ಲ' ಎಂಬ ಎರಡು ಪದಗಳಿಗೆ ಇಳಿದುಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರಿಗೆ ಕನ್ನಡ ಬಾರದೆಂದು ಯಾರೂ ಹೇಳಲಾರರು. ಏನು ಹೇಳಬೇಕು ಎಂಬುದು ಆ ಗಳಿಗೆಯಲ್ಲಿ ಕೈಗೆ ಸಿಗುವುದಿಲ್ಲ, ಅಷ್ಟೆ. ಇದೇ ಅವಸ್ಥೆ ಇಂಗ್ಲಿಷಿನಲ್ಲಿ ಒದಗಿದರೆ ಮಾತ್ರ ನಾವು ತಕ್ಷಣ "ನನಗೆ ಇಂಗ್ಲಿಷ್ ಬರೋದಿಲ್ಲ" ಎಂದು ತೀರ್ಮಾನಿಸಿಬಿಡುತ್ತೇವೆ.

ಆರೋಗ್ಯದ ಚರ್ಚೆಯೊಂದಕ್ಕೆ ಬಂದಿದ್ದ ನರ್ಸ್ ಒಬ್ಬರ ಕಥೆ ಕೇಳಿ. ದಾವಣಗೆರೆ ಕಡೆಯವರು. ಬೆಂಗಳೂರಿನಲ್ಲಿ ಎಂಟು ವರ್ಷ ಕೆಲಸ ಮಾಡಿ, ಬ್ರಿಟನ್ನಿಗೆ ಹೋಗಲು ಐಇಎಲ್‌ಟಿಎಸ್ ಪರೀಕ್ಷೆ ಬರೆದಿದ್ದರು. ಅಲ್ಲಿನ ನರ್ಸಿಂಗ್ ಮಂಡಳಿ ಮಾತಿನ ಭಾಗದಲ್ಲಿ 7 ಅಂಕ ಕೇಳುತ್ತದೆ. ಇವರಿಗೆ ಬಂದದ್ದು 6.5. ಅರ್ಧ ಅಂಕದ ಕೊರತೆಗೆ ಕಟ್ಟಿದ ಶುಲ್ಕವೂ ಹೋಯಿತು, ಒಂದು ವರ್ಷದ ಲೆಕ್ಕಾಚಾರವೂ ಹೋಯಿತು. "ಸರ್, ಎರಡು ನಿಮಿಷ ಮಾತಾಡು ಅಂದ್ರೆ ಮಾತಾಡೋಕೆ ಏನೂ ಇರ್ಲಿಲ್ಲ ಸರ್" ಎಂದರು. ಎಂಟು ವರ್ಷ ತುರ್ತು ಚಿಕಿತ್ಸಾ ವಾರ್ಡಿನಲ್ಲಿದ್ದವರಿಗೆ ಹೇಳಲು ಏನೂ ಇರಲಿಲ್ಲ!

ಈ ಪರೀಕ್ಷೆ 1989ರಲ್ಲಿ ಆರಂಭವಾದದ್ದು. ಮಾತಿನ ಭಾಗ 11ರಿಂದ 14 ನಿಮಿಷ. ಅಭ್ಯರ್ಥಿಯ ಎದುರಿಗೆ ಒಬ್ಬರೇ ಪರೀಕ್ಷಕರು. ಇಡೀ ಸಂಭಾಷಣೆ ಧ್ವನಿಮುದ್ರಣವಾಗುತ್ತದೆ. ಮೊದಲ ನಾಲ್ಕೈದು ನಿಮಿಷ ಮನೆ, ಕೆಲಸ, ಓದು, ಹವ್ಯಾಸ ಇಂಥವುಗಳ ಸಣ್ಣ ಪ್ರಶ್ನೆಗಳು. ಬಳಿಕ ವಿಷಯ ಬರೆದ ಒಂದು ಕಾರ್ಡನ್ನು, ಕಾಗದ ಪೆನ್ಸಿಲಿನೊಂದಿಗೆ ಕೊಡುತ್ತಾರೆ. ಯೋಚಿಸಲು ಒಂದು ನಿಮಿಷ, ಮಾತನಾಡಲು ಒಂದರಿಂದ ಎರಡು ನಿಮಿಷ. ಕೊನೆಯ ನಾಲ್ಕೈದು ನಿಮಿಷ ಅದೇ ವಿಷಯದ ಮೇಲೆ ಸ್ವಲ್ಪ ಆಳವಾದ ಚರ್ಚೆ. ಅಂಕ ಕೊಡುವುದು ನಾಲ್ಕು ಸಂಗತಿಗಳಿಗೆ, ಸಮಪಾಲಾಗಿ: ತಡೆಯಿಲ್ಲದೆ, ಒಂದಕ್ಕೊಂದು ಹೊಂದಿಕೊಂಡು ಸಾಗುವ ಮಾತು, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನೀವು ಹೇಳಿದ ಅಭಿಪ್ರಾಯ ಸರಿಯೋ ತಪ್ಪೋ ಎಂಬುದಕ್ಕೆ ಇಲ್ಲಿ ಅಂಕವಿಲ್ಲ. ಈ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ.

ನಮ್ಮ ಅತಿಥಿಗೆ ಬಂದ ಕಾರ್ಡು ಮರೆಯಲಾಗದ ಒಂದು ಪ್ರಯಾಣದ ಬಗ್ಗೆ. ತರಬೇತಿ ಕೇಂದ್ರವೊಂದು ಬಾಯಿಪಾಠ ಮಾಡಿಸಿದ್ದ ಉತ್ತರ ಸಿದ್ಧವಿತ್ತು. 'ಟ್ರಾವೆಲ್ ಬ್ರಾಡನ್ಸ್ ಅವರ್ ಹೊರೈಜನ್ಸ್' ಎಂದು ಆರಂಭಿಸಿ, ತಾವು ಎಂದೂ ನೋಡದ ಸ್ವಿಟ್ಜರ್ಲೆಂಡಿನ ಹಿಮದ ಬಗ್ಗೆ ಐವತ್ತು ಸೆಕೆಂಡು ಹೇಳಿದರು. ಆಮೇಲೆ ನಿಂತರು. ಪರೀಕ್ಷಕರು ಸಹಜವಾಗಿ, "ಜೊತೆಗೆ ಯಾರಿದ್ದರು?" ಎಂದು ಕೇಳಿದರಂತೆ. ಅದು ಬಾಯಿಪಾಠದಲ್ಲಿ ಇರಲಿಲ್ಲ. ಕಂಠಪಾಠದ ಉತ್ತರವನ್ನು ಗುರುತಿಸುವುದು ಪರೀಕ್ಷಕರಿಗೆ ಕಷ್ಟವೇನಲ್ಲ. ನಮಗೂ ಅಲ್ಲ, ಅತಿಥಿ ಬರೆದುಕೊಂಡು ಬಂದದ್ದನ್ನು ಒಪ್ಪಿಸಲು ತೊಡಗಿದರೆ ಕಣ್ಣು ಎಲ್ಲೋ ಮೇಲಕ್ಕೆ ಹೋಗುತ್ತದೆ, ದನಿ ಸಮತಟ್ಟಾಗುತ್ತದೆ.

ಚರ್ಚೆ ಮುಗಿದ ಮೇಲೆ ಅವರನ್ನು ಕ್ಯಾಂಟೀನಿನಲ್ಲಿ ಕೂರಿಸಿ, ಕನ್ನಡದಲ್ಲೇ, "ನಿಮಗೆ ನಿಜವಾಗಿ ಮರೆಯೋಕಾಗದ ಪ್ರಯಾಣ ಯಾವುದು?" ಎಂದು ಕೇಳಿದೆ. ಒಂದು ಮಳೆಗಾಲ ಮಂಗಳೂರಿಗೆ ರೈಲಿನಲ್ಲಿ ಹೋದದ್ದು, ಸಕಲೇಶಪುರ ದಾಟಿದ ಮೇಲೆ ಗಾಡಿ ಘಾಟಿಯಲ್ಲಿ ನಿಂತದ್ದು, ಬೋಗಿಯಲ್ಲಿ ತುಂಬು ಗರ್ಭಿಣಿಯೊಬ್ಬರಿಗೆ ತಲೆಸುತ್ತು ಬಂದು ಇವರು ಪಕ್ಕದಲ್ಲಿ ಕುಳಿತು ನೋಡಿಕೊಂಡದ್ದು, ಯಾರೋ ಪುಣ್ಯಾತ್ಮರು ಫ್ಲಾಸ್ಕಿನಿಂದ ಬಿಸಿನೀರು ಕೊಟ್ಟದ್ದು, ಎಲ್ಲವನ್ನೂ ಹೇಳಿದರು. ಗಡಿಯಾರ ನೋಡಿದೆ: ನಾಲ್ಕು ನಿಮಿಷ. ಈ ಕಥೆಯನ್ನು ಪರೀಕ್ಷೆಯಲ್ಲಿ ಯಾಕೆ ಹೇಳಲಿಲ್ಲ ಎಂದರೆ, "ಇದೆಲ್ಲ ಪರೀಕ್ಷೇಲಿ ಹೇಳೋ ವಿಷಯಾನಾ ಸರ್?" ಎಂದರು.

ಅವರು ಎಡವಿದ್ದು ಇಲ್ಲಿಯೇ. ಪರೀಕ್ಷೆಗೆ ದೊಡ್ಡ ವಿಚಾರ ಬೇಕು, ನಮ್ಮ ಬದುಕಿನಲ್ಲಿರುವುದು ಸಣ್ಣ ವಿಚಾರ ಎಂಬ ಭಾವನೆ. ನಿಜಕ್ಕೂ ಆ ಸಣ್ಣ ವಿಚಾರವೇ ಸರಕು.

ವಿಜ್ಞಾನ ಓದಿದವನಾದ್ದರಿಂದ ಇದಕ್ಕೆ ಕಾರಣವನ್ನೂ ಹುಡುಕಿದೆ. ನೆದರ್ಲೆಂಡ್ಸಿನ ಮನೋಭಾಷಾ ವಿಜ್ಞಾನಿ ವಿಲೆಮ್ ಲೆವೆಲ್ಟ್ 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಾತು ಹುಟ್ಟುವುದನ್ನು ಮೂರು ಘಟ್ಟಗಳಾಗಿ ವಿವರಿಸುತ್ತಾರೆ: ಏನು ಹೇಳಬೇಕೆಂದು ನಿರ್ಧರಿಸುವುದು, ಅದಕ್ಕೆ ಪದ ಮತ್ತು ವಾಕ್ಯ ಹೊಂದಿಸುವುದು, ಬಾಯಿಂದ ಉಚ್ಚರಿಸುವುದು. ತಾಯ್ನುಡಿಯಲ್ಲಿ ಎರಡನೆಯ ಮತ್ತು ಮೂರನೆಯ ಕೆಲಸಗಳು ತಾವಾಗಿ ನಡೆಯುತ್ತವೆ. ಕಲಿತ ಭಾಷೆಯಲ್ಲಿ ಎರಡನೆಯದಕ್ಕೇ ಗಮನವೆಲ್ಲ ಬೇಕು. ಒಂದೇ ಗಳಿಗೆಯಲ್ಲಿ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಸಂಗತಿಗಳು ಬಹಳ ಕಡಿಮೆ. ಜಾರ್ಜ್ ಮಿಲ್ಲರ್ 1956ರಲ್ಲಿ ಏಳರ ಆಸುಪಾಸು ಎಂದಿದ್ದರು, ನೆಲ್ಸನ್ ಕೋವನ್ 2001ರಲ್ಲಿ ಸುಮಾರು ನಾಲ್ಕು ಎಂದರು. ಅಷ್ಟು ಇಕ್ಕಟ್ಟಿನಲ್ಲಿ 'ಏನು ಹೇಳಲಿ' ಎಂಬುದೂ 'ಹೇಗೆ ಹೇಳಲಿ' ಎಂಬುದೂ ಒಟ್ಟಿಗೆ ನುಗ್ಗಿದರೆ ಮಾತು ನಿಲ್ಲದೆ ಇನ್ನೇನು? ಮೊದಲ ಘಟ್ಟವನ್ನು ಮನೆಯಲ್ಲೇ ಮುಗಿಸಿಕೊಂಡರೆ ಅರ್ಧ ಭಾರ ಇಳಿಯಿತು. ಪಾಲಿನ್ ಫಾಸ್ಟರ್ ಮತ್ತು ಪೀಟರ್ ಸ್ಕೆಹನ್ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಾತಿಗೆ ಮೊದಲು ಹತ್ತು ನಿಮಿಷ ಯೋಚಿಸಲು ಅವಕಾಶ ಪಡೆದವರು ಹೆಚ್ಚು ಸರಾಗವಾಗಿಯೂ ಹೆಚ್ಚು ಬೆಳೆದ ವಾಕ್ಯಗಳಲ್ಲಿಯೂ ಮಾತನಾಡಿದರು. ತಪ್ಪುಗಳ ವಿಷಯದಲ್ಲಿ ಫಲಿತಾಂಶ ಅಷ್ಟು ಸರಳವಾಗಿರಲಿಲ್ಲ ಎಂಬುದನ್ನೂ ಹೇಳಬೇಕು.

ಇನ್ನು ಸರಕು ಕೂಡಿಸುವ ಬಗೆ. ಈ ಪರೀಕ್ಷೆಯಲ್ಲೇ ಆಗಲಿ, ಬೇರೆ ಇಂಗ್ಲಿಷ್ ಸಂದರ್ಶನದಲ್ಲೇ ಆಗಲಿ, ಕೆಲಸ, ಆರೋಗ್ಯ, ಪ್ರಯಾಣ, ಸಂಪರ್ಕ ಈ ನಾಲ್ಕು ಅಂಗಳಗಳಿಗೆ ಮಾತು ಬಂದೇ ಬರುತ್ತದೆ.

ಕೆಲಸದ ಬಗ್ಗೆ ಕೇಳಿದರೆ ನಾವು ಹುದ್ದೆಯ ಹೆಸರು ಹೇಳಿ ಸುಮ್ಮನಾಗುತ್ತೇವೆ. ಹುದ್ದೆಯನ್ನು ಬಿಟ್ಟು, ನಿನ್ನೆ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ನೀವು ಏನೇನು ಮಾಡಿದಿರಿ ಎಂದು ಕನ್ನಡದಲ್ಲಿ ಬರೆಯಿರಿ. ತೆರೆದೆ, ಎಣಿಸಿದೆ, ಫೋನ್ ಮಾಡಿದೆ, ಸಹಿ ಹಾಕಿಸಿದೆ, ಬೈಸಿಕೊಂಡೆ. ಈ ಕ್ರಿಯಾಪದಗಳಿಗೆ ಇಂಗ್ಲಿಷ್ ಹುಡುಕಿಕೊಳ್ಳಿ. ಒಂದು ಎಚ್ಚರಿಕೆ: 'ಕೆಲಸ ಮಾಡ್ತಾ ಇದೀನಿ' ಎಂಬ ಗುಂಗಿನಲ್ಲಿ ಎಲ್ಲದಕ್ಕೂ 'ಐ ಆಮ್ ಡೂಯಿಂಗ್' ಸೇರಿಸುವ ಅಭ್ಯಾಸ ನಮಗಿದೆ. ದಿನವೂ ಮಾಡುವ ಕೆಲಸಕ್ಕೆ 'ಐ ಚೆಕ್', 'ಐ ರೈಟ್' ಎಂಬ ಸರಳ ರೂಪವೇ ಸಾಕು.

ಆರೋಗ್ಯದ ಅಂಗಳ ನನಗೆ ಎಲ್ಲಕ್ಕಿಂತ ರುಚಿಕರ. ಇಲ್ಲಿ ನಮ್ಮನ್ನು ಎಡವಿಸುವುದು ನಮಗೆ ಗೊತ್ತಿರುವ ಇಂಗ್ಲಿಷ್ ಪದಗಳೇ. 'ನನಗೆ ಗ್ಯಾಸ್ಟ್ರಿಕ್ ಇದೆ' ಎಂದರೆ ನಮ್ಮೂರಲ್ಲಿ ಎಲ್ಲರಿಗೂ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಗ್ಯಾಸ್ಟ್ರಿಕ್ ಎಂದರೆ 'ಜಠರಕ್ಕೆ ಸಂಬಂಧಿಸಿದ' ಎಂದಷ್ಟೇ ಅರ್ಥ; ಅದು ಕಾಯಿಲೆಯ ಹೆಸರಲ್ಲ. ನೀವು ಹೇಳಬೇಕಾದದ್ದು ಎದೆಯುರಿಯಾದರೆ 'ಹಾರ್ಟ್‌ಬರ್ನ್', ಅಜೀರ್ಣವಾದರೆ 'ಇನ್‌ಡೈಜೆಶನ್'. 'ಐ ಹ್ಯಾವ್ ಬಿಪಿ' ಎಂದರೆ ಕೇಳಿದವರು ನಗಬಹುದು, ಏಕೆಂದರೆ ರಕ್ತದ ಒತ್ತಡ ಬದುಕಿರುವವರಿಗೆಲ್ಲ ಇದೆ! 'ಹೈ ಬ್ಲಡ್ ಪ್ರೆಶರ್' ಎನ್ನಬೇಕು. ಹಾಗೆಯೇ 'ಶುಗರ್' ಅಲ್ಲ, 'ಡಯಾಬಿಟಿಸ್'. ಬ್ರಿಟನ್ನಿನಲ್ಲಿ 'ಐ ವಾಸ್ ಸಿಕ್ ಲಾಸ್ಟ್ ನೈಟ್' ಎಂದರೆ ಬಹುಮಟ್ಟಿಗೆ 'ರಾತ್ರಿ ವಾಂತಿಯಾಯಿತು' ಎಂದೇ ತಿಳಿಯುತ್ತಾರೆ. ಅಲ್ಲಿಗೆ ಹೊರಟ ನರ್ಸ್‌ಗೆ ಇದು ಅಂಕಕ್ಕಿಂತ ದೊಡ್ಡ ವಿಷಯ.

ಇನ್ನೊಂದು ಕಡೆ ನಮ್ಮ ಕನ್ನಡ ಎಷ್ಟು ಸೂಕ್ಷ್ಮವಾಗಿದೆ ನೋಡಿ. ನೋವು ಚುಚ್ಚುತ್ತದೆ, ಉರಿಯುತ್ತದೆ, ಹಿಂಡುತ್ತದೆ, ಸೆಳೆಯುತ್ತದೆ, ಸಿಡಿಯುತ್ತದೆ. ಇಂಗ್ಲಿಷಿನಲ್ಲಿ ಸ್ಟ್ಯಾಬಿಂಗ್, ಬರ್ನಿಂಗ್, ಕ್ರ್ಯಾಂಪ್, ಥ್ರಾಬಿಂಗ್ ಎಂಬ ಪದಗಳು ಇದೇ ಕೆಲಸ ಮಾಡುತ್ತವೆ. ಕಾಲು ಜೋಮು ಹಿಡಿಯುವುದಕ್ಕೆ ಅವರು 'ಪಿನ್ಸ್ ಅಂಡ್ ನೀಡಲ್ಸ್' ಎನ್ನುತ್ತಾರೆ, ಸೂಜಿ ಚುಚ್ಚಿದ ಹಾಗೆ. ಇಂಥ ಹತ್ತು ಪದ ತಿಳಿದಿದ್ದರೆ 'ಪೇನ್, ಪೇನ್' ಎಂದು ಒಂದೇ ಪದವನ್ನು ಸುತ್ತಬೇಕಾಗಿಲ್ಲ.

'ಉಷ್ಣ ಆಗಿದೆ' ಎಂಬುದನ್ನು ಏನು ಮಾಡೋಣ? ಅದಕ್ಕೆ ನೇರ ಇಂಗ್ಲಿಷ್ ಇಲ್ಲ. 'ಹೀಟ್' ಎಂದರೆ ಅರ್ಥವಾಗುವುದಿಲ್ಲ. ಆದರೆ ನಿಮ್ಮ ಅಜ್ಜಿ ಯಾವ ಹಣ್ಣು ಉಷ್ಣ, ಯಾವುದು ತಂಪು ಎನ್ನುತ್ತಿದ್ದರು, ಎಳನೀರು ಯಾವಾಗ ಕೊಡುತ್ತಿದ್ದರು, ನೀವು ಅದನ್ನು ಎಷ್ಟರ ಮಟ್ಟಿಗೆ ನಂಬುತ್ತೀರಿ ಎಂದು ವಿವರಿಸಿ. ಅನುವಾದವಾಗದ ಪದವೇ ನಿಮ್ಮ ಎರಡು ನಿಮಿಷದ ಭಾಷಣವಾಗುತ್ತದೆ.

ಪ್ರಯಾಣಕ್ಕೆ ಬರೋಣ. ಊರುಗಳ ಪಟ್ಟಿ ಹೇಳಬೇಡಿ, ಒಂದೇ ಪ್ರಯಾಣ ಹೇಳಿ. ನಮ್ಮ ನರ್ಸ್ ಹೋದ ದಾರಿಯಲ್ಲೇ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. 'ಬ್ಯೂಟಿಫುಲ್' ಎಂಬ ಪದವನ್ನು ನಾಲ್ಕು ಸಲ ಹೇಳುವುದಕ್ಕಿಂತ 'ಫಿಫ್ಟಿ-ಸೆವೆನ್ ಟನಲ್ಸ್' ಎಂದು ಒಮ್ಮೆ ಹೇಳಿದರೆ ಮುಂದಿನ ಮಾತು ತಾನಾಗಿ ಬರುತ್ತದೆ: ಕತ್ತಲೆ, ಮಕ್ಕಳ ಕೂಗು, ಮತ್ತೆ ಬೆಳಕು, ಹಸಿರು. ಅಂದ ಹಾಗೆ, 'ಔಟ್ ಆಫ್ ಸ್ಟೇಷನ್' ಎಂಬುದು ನಮ್ಮ ಕಚೇರಿಗಳ ಇಂಗ್ಲಿಷ್. ಹೊರದೇಶದವರಿಗೆ 'ಔಟ್ ಆಫ್ ಟೌನ್' ಎನ್ನಿ.

ಸಂಪರ್ಕದ ವಿಷಯದಲ್ಲಿ ನನ್ನ ವಯಸ್ಸಿನವರು ಭಾಗ್ಯವಂತರು. ಇನ್‌ಲ್ಯಾಂಡ್ ಪತ್ರ ಬರೆದಿದ್ದೇವೆ, ಎಸ್‌ಟಿಡಿ ಬೂತಿನ ಮುಂದೆ ರಾತ್ರಿ ದರ ಇಳಿಯುವವರೆಗೆ ಕಾದಿದ್ದೇವೆ. ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಹೋದಾಗ, ಜ್ಯೋತಿ ಬಸು ಅವರು ಸುಖ್ ರಾಮ್ ಅವರೊಡನೆ ಮಾತನಾಡಿದ್ದನ್ನು ಪತ್ರಿಕೆಯಲ್ಲಿ ಓದಿದವರು ನಾವು. ಆಗ ಕರೆ ಸ್ವೀಕರಿಸುವವರೂ ಹಣ ತೆರಬೇಕಿತ್ತು. ತಂತಿ ಸೇವೆ 2013ರ ಜುಲೈನಲ್ಲಿ ನಿಂತದ್ದನ್ನೂ ಕಂಡೆವು. ಕಿರಿಯರು ಬೇಸರಪಡಬೇಕಿಲ್ಲ, 'ಮಿಸ್ಡ್ ಕಾಲ್ ಕೊಡು' ಎಂಬ ಒಂದೇ ಮಾತು ಅವರಿಗೂ ಸಾಕು. ಇಂಗ್ಲಿಷಿನವರಿಗೆ ಮಿಸ್ಡ್ ಕಾಲ್ ಎಂದರೆ ಕೈತಪ್ಪಿದ ಕರೆ, ಅದನ್ನು ಯಾರೂ ಬೇಕೆಂದೇ 'ಕೊಡುವುದಿಲ್ಲ'. ಒಂದು ರಿಂಗ್ ಆದರೆ ಮನೆ ತಲುಪಿದೆ, ಎರಡಾದರೆ ಬಸ್‌ಸ್ಟ್ಯಾಂಡಿಗೆ ಬಾ ಎಂಬ ಸಂಕೇತ ನಿಮ್ಮ ಮನೆಯಲ್ಲೂ ಇತ್ತಲ್ಲವೇ? ಅದನ್ನು ಹೊರಗಿನವರಿಗೆ ಬಿಡಿಸಿ ಹೇಳಿ. ಕೊನೆಯ ಭಾಗದಲ್ಲಿ 'ತಂತ್ರಜ್ಞಾನ ಜನರನ್ನು ದೂರ ಮಾಡಿದೆಯೇ?' ಎಂಬಂಥ ಪ್ರಶ್ನೆ ಬಂದರೂ ಹೆದರಬೇಡಿ: ನಿಮ್ಮ ಅಜ್ಜ ಹೇಗೆ ಸುದ್ದಿ ತಿಳಿಸುತ್ತಿದ್ದರು, ನೀವು ಹೇಗೆ, ನಿಮ್ಮ ಮನೆಯ ಮಕ್ಕಳು ಹೇಗೆ ಎಂದು ಮೂರು ತಲೆಮಾರು ಹೋಲಿಸಿದರೆ ಅಭಿಪ್ರಾಯ ಅದರಿಂದಲೇ ಹೊರಡುತ್ತದೆ.

ಇನ್ನು ಆ ಒಂದು ನಿಮಿಷದ ಲೆಕ್ಕ. ಸೆಕೆಂಡಿಗೆ ಎರಡು ಪದದಂತೆ ನಿಧಾನವಾಗಿ ಮಾತನಾಡಿದರೂ ಎರಡು ನಿಮಿಷಕ್ಕೆ 240 ಪದ ಬೇಕು. ಒಂದು ನಿಮಿಷದಲ್ಲಿ ಪೆನ್ಸಿಲಿನಿಂದ ಬರೆಯಬಹುದಾದದ್ದು ಹೆಚ್ಚೆಂದರೆ ಇಪ್ಪತ್ತು, ಇಪ್ಪತ್ತೈದು ಪದ. ಆದ್ದರಿಂದ ವಾಕ್ಯ ಬರೆಯಲು ಹೊರಟವರು ಸೋತಂತೆಯೇ. ನಮ್ಮ ನಿರೂಪಕರ ಕೈಚೀಟಿ ನೋಡಿದ್ದೀರಾ? ಅದರಲ್ಲಿ ವಾಕ್ಯ ಇರುವುದಿಲ್ಲ, ಕೊಕ್ಕೆಯಂಥ ನಾಲ್ಕೈದು ಪದಗಳಿರುತ್ತವೆ. ಒಂದೊಂದು ಪದ ಒಂದು ದೃಶ್ಯವನ್ನು ಎಳೆದುಕೊಂಡು ಬರಬೇಕು.

ಅಭ್ಯಾಸವನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿ. ಮೊದಲ ಸಲ ನಿಮ್ಮ ದನಿ ನಿಮಗೇ ಹಿಡಿಸದು, ಎಲ್ಲರಿಗೂ ಹಾಗೆಯೇ. ಅದೇ ಕಥೆಯನ್ನು ಮೂರು ದಿನ ಬೇರೆ ಬೇರೆ ಮಾತುಗಳಲ್ಲಿ ಹೇಳಿ, ಇಲ್ಲವಾದರೆ ಅದೂ ಬಾಯಿಪಾಠವೇ ಆಗಿಬಿಡುತ್ತದೆ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ನಮ್ಮ ನರ್ಸ್ ಮತ್ತೊಮ್ಮೆ ಪರೀಕ್ಷೆಗೆ ಹಣ ಕಟ್ಟಿದ್ದಾರೆ. ಮೊನ್ನೆ ಫೋನಿನಲ್ಲಿ ತಮ್ಮ ಚೀಟಿ ಓದಿ ಹೇಳಿದರು: ರೇನ್, ಟನಲ್, ಪ್ರೆಗ್ನೆಂಟ್ ಲೇಡಿ, ಫ್ಲಾಸ್ಕ್. "ಆ ಕಾರ್ಡು ಬರದೆ ಇದ್ರೆ ಏನು ಮಾಡ್ಲಿ ಸರ್?" ಎಂದರು. ಸಹಾಯ ಮಾಡಿದ ಅಪರಿಚಿತರ ಬಗ್ಗೆ ಕೇಳಿದರೆ ಫ್ಲಾಸ್ಕ್ ಕೊಟ್ಟವರಿದ್ದಾರೆ, ಕೆಲಸದ ಬಗ್ಗೆ ಕೇಳಿದರೆ ಆ ಗರ್ಭಿಣಿ ಇದ್ದಾರೆ, ಮಳೆ ಬಗ್ಗೆ ಕೇಳಿದರೆ ಮಳೆ ಇದ್ದೇ ಇದೆಯಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಗರ್ಭಿಣಿಗೆ ಗಂಡು ಮಗು ಆಯಿತಂತೆ, ಅವರಿಂದ ಈಗಲೂ ಹಬ್ಬಕ್ಕೆ ಮೆಸೇಜ್ ಬರುತ್ತದೆ ಎಂದರು. ಅದನ್ನೂ ಚೀಟಿಗೆ ಸೇರಿಸಲು ಹೇಳಿದೆ.