ಬೆನ್ನ ಗಾಳಿಗೆ ಬಣ್ಣದ ಹಾಯಿ

‘ಗಾಳಿ ಬಂದಾಗ ತೂರಿಕೋ’ ಅನ್ನುವುದು ಕಣದ ಮಾತು. ಹಾಯಿದೋಣಿಯ ಪಂದ್ಯಕ್ಕೂ ಅದು ಸಲ್ಲುತ್ತದೆ. ಆದರೆ ಎಷ್ಟು ಗಾಳಿಗೆ ಎಷ್ಟು ಬಟ್ಟೆ ಬಿಚ್ಚಬೇಕು ಅನ್ನುವುದರಲ್ಲೇ ಇದೆ ಜಾಣತನ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ‘ಫಾರ್ಟಿನೈನರ್ ಎಫ್‌ಎಕ್ಸ್’ ಎಂಬ ಇಬ್ಬರು ಮಹಿಳೆಯರ ದೋಣಿಪಂದ್ಯ ಮೊದಲ ಬಾರಿಗೆ ಸೇರಿತು. ಬ್ರೆಜಿಲ್‌ನ ಮಾರ್ಟೀನ್ ಗ್ರಾಯೆಲ್, ಕಹೇನಾ ಕುಂಜೆ ಜೋಡಿ ಕೊನೆಯ ಓಟದಲ್ಲಿ ನ್ಯೂಜಿಲೆಂಡಿನವರಿಗಿಂತ ಬರೀ 2 ಸೆಕೆಂಡ್ ಮೊದಲು ಗೆರೆ ದಾಟಿ ಚಿನ್ನ ಗೆದ್ದಿತು! 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಬಗೆಯ ದೋಣಿಯಲ್ಲಿ ನಮ್ಮ ವರ್ಷಾ ಗೌತಮ್, ಶ್ವೇತಾ ಶೆರ್ವೇಗಾರ್ ಬೆಳ್ಳಿ ತಂದರು.

ಗಾಳಿಗೆ ಎದುರಾಗಿ ಹೋಗುವಾಗ ಈ ದೋಣಿಗೆ ಎರಡು ಹಾಯಿ ಸಾಕು. ತಿರುವು ಸುತ್ತಿ ಗಾಳಿ ಬೆನ್ನಿಗೆ ಬಂದೊಡನೆ ಮೂರನೆಯ ಉಬ್ಬುಹಾಯಿ ಮೇಲೇಳುತ್ತದೆ. ಇದೇ ಸ್ಪಿನೇಕರ್. ಅಳತೆ ಸುಮಾರು 25 ಚದರ ಮೀಟರ್. ಅಂದರೆ ನಮ್ಮ ನಾಲ್ಕು ಸೀರೆ ಜೋಡಿಸಿ ಹರವಿದಷ್ಟು! ಬಟ್ಟೆ ತೆಳು ನೈಲಾನ್.

ಆರಿಸುವುದು ಹೇಗೆ?

ಎಫ್‌ಎಕ್ಸ್‌ನಲ್ಲಿ ಎಲ್ಲರಿಗೂ ಒಂದೇ ಅಳತೆಯ ಹಾಯಿ. ದೊಡ್ಡ ಪಂದ್ಯದ ದೋಣಿಗಳಲ್ಲಿ ನಾಲ್ಕಾರು ಇರುತ್ತವೆ. ಗಾಳಿ ನೇರ ಬೆನ್ನಿಗಿದ್ದರೆ ಎರಡೂ ಪಕ್ಕ ಸಮನಾದ, ಕೋಲು ಕೊಟ್ಟು ಹಿಡಿಯುವ ಹಾಯಿ. ಓರೆಯಾಗಿದ್ದರೆ ಒಂದು ಪಕ್ಕ ಉದ್ದವಾದ, ದೋಣಿಯ ಮೂತಿಗೆ ಕಟ್ಟುವ ಹಾಯಿ. ಮೆಲುಗಾಳಿಗೆ ತೆಳು ಬಟ್ಟೆ. ಜೋರು ಗಾಳಿಗೆ ದಪ್ಪ ಬಟ್ಟೆಯ ಚಿಕ್ಕ ಹಾಯಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ ಹಾಗೆ!

ನೇರ ಓಡಿದರೆ ಬೇಗ ತಲುಪಬಹುದು ಅನ್ನಿಸುತ್ತೆ, ಅಲ್ಲವೆ? ಲೆಕ್ಕ ನೋಡಿ. ಗಾಳಿ ಗಂಟೆಗೆ 20 ಕಿ.ಮೀ., ಅದರ ಜೊತೆಗೇ ಓಡುವ ದೋಣಿ 12 ಕಿ.ಮೀ. ಆದರೆ ಹಾಯಿಗೆ ಸಿಗುವ ಗಾಳಿ 8 ಮಾತ್ರ. ಅದಕ್ಕೇ ಎಫ್‌ಎಕ್ಸ್‌ನಂಥ ಹಗುರ ದೋಣಿ ಓರೆಯಾಗಿ, ಅಂಕುಡೊಂಕಾಗಿ ಓಡುತ್ತೆ. ದಾರಿ ಉದ್ದ, ಆದರೂ ಗುರಿ ಬೇಗ.

ಬಳಸುವಾಗ ಗಮನಿಸಿ

* ಹಾಯಿಯ ಅಂಚು ಸುರುಳಿಯಾಗಲು ತೊಡಗುವ ತನಕ ಹಗ್ಗ ಸಡಿಲಿಸಬೇಕು. ಸುರುಳಿಯಾದೊಡನೆ ತುಸು ಎಳೆಯಬೇಕು. ಒಬ್ಬಾಕೆಯ ಕಣ್ಣು ಆ ಅಂಚಿನ ಮೇಲೇ.

* ದೊಡ್ಡ ದೋಣಿಗಳಲ್ಲಿ ಹಾಯಿಯನ್ನು ಉಣ್ಣೆ ದಾರದಿಂದ ಅಲ್ಲಲ್ಲಿ ಕಟ್ಟಿ ಏರಿಸುವುದುಂಟು. ಹಗ್ಗ ಎಳೆದಾಗ ದಾರ ಪಟಪಟನೆ ಹರಿದು ಹಾಯಿ ಅರಳುತ್ತದೆ.

* ಗಾಳಿ ಮೀರಿದರೆ ಚುಕ್ಕಾಣಿ ಮಾತು ಕೇಳುವುದಿಲ್ಲ. ದೋಣಿ ಗಾಳಿಯತ್ತ ತಿರುಗಿ ಮಗ್ಗುಲಿಗೆ ಮಲಗಿಬಿಡುತ್ತೆ. ಆಗ ಹಗ್ಗ ಬಿಗಿಹಿಡಿದು ಕೂರಬಾರದು, ತಕ್ಷಣ ಬಿಡಬೇಕು.

* ಇಳಿಸುವಾಗ ದೋಣಿಯನ್ನು ಗಾಳಿಯ ದಿಕ್ಕಿಗೇ ತಿರುಗಿಸಿ, ಸ್ಪಿನೇಕರನ್ನು ದೊಡ್ಡ ಹಾಯಿಯ ಮರೆಗೆ ತರಬೇಕು. ಮರೆಯಲ್ಲಿ ಅದು ಬಸವಳಿದು ಸುಲಭವಾಗಿ ಕೈಗೆ ಬರುತ್ತೆ.

* ಪಂದ್ಯ ಮುಗಿದ ಮೇಲೆ ಸಿಹಿನೀರಿನಲ್ಲಿ ಉಪ್ಪು ತೊಳೆದು, ನೆರಳಲ್ಲಿ ಒಣಗಿಸಬೇಕು. ಬಿಸಿಲು ನೈಲಾನಿಗೆ ಶತ್ರು.

ಏರಿಸುವ ಮೊದಲೇ ಇಳಿಸುವ ಜಾಗ ಗೊತ್ತುಮಾಡಿಕೊಂಡಿರಬೇಕು. ಮುಂದಿನ ತಿರುವಿಗೆ ಒಂದು ಕ್ಷಣ ತಡವಾಗಿ ಇಳಿಸಿದರೆ, ಅಷ್ಟು ಹೊತ್ತು ಗಳಿಸಿದ್ದೆಲ್ಲ ಅಲ್ಲೇ ಹೋಯಿತು. ಟೀವಿಯಲ್ಲಿ ಮುಂದೆ ದೋಣಿಪಂದ್ಯ ಬಂದಾಗ ಬಣ್ಣದ ಹಾಯಿ ಏರುವುದನ್ನಷ್ಟೇ ನೋಡಬೇಡಿ. ಅದು ಇಳಿಯುವುದನ್ನೂ ನೋಡಿ.