ನಿಮಗಿದು ಗೊತ್ತೆ? ಕಾರು ನಿಮ್ಮದೇ, ಸಂತೆಗೆ ಒಯ್ಯುವಂತಿಲ್ಲ!

ಹರಾಜಿನಲ್ಲಿ ಲಕ್ಷಗಟ್ಟಲೆ ಸುರಿದು ಹಳೇ ಕಾರು ಕೊಂಡಿರಿ ಅನ್ನಿ. ‘ವಿಂಟೇಜ್’ ಎಂದು ನೋಂದಾಯಿಸಿದಿರೋ, ಮೆಹಕರದಿಂದ ಭಾಲ್ಕಿ ಸಂತೆಗೂ ಓಡಿಸುವಂತಿಲ್ಲ! 2021ರ ಕೇಂದ್ರ ನಿಯಮದಂತೆ, 50 ವರ್ಷ ದಾಟಿದ ಈ ಗಾಡಿಗಳು ರಸ್ತೆಗಿಳಿಯುವುದು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿಗೆ. ಜೊತೆಗೆ ಪೆಟ್ರೋಲ್ ತುಂಬಿಸಲು. ಮದುವೆ ಮೆರವಣಿಗೆಗೆ ಬಾಡಿಗೆ ಬಿಡುವ ಆಸೆಯಿದ್ದರೆ ಅದನ್ನೂ ಬಿಡಿ.

ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ನಂಬರ್ ಪ್ಲೇಟಿನಲ್ಲಿ ಬೀದರ್‌ನ 38 ಇಲ್ಲ, ಭಾಲ್ಕಿಯ 39 ಕೂಡ ಇಲ್ಲ. ‘ಕೆಎ’ ಪಕ್ಕದಲ್ಲಿ ‘ವಿಎ’ ಕೂರುತ್ತದೆ. ಮೊದಲೇ ನೋಂದಣಿಯಾಗಿದ್ದ ಕಾರಿಗೆ ಮಾತ್ರ ಹಳೇ ನಂಬರೇ ಗಟ್ಟಿ. ಮರುಮಾರಾಟವಾದರೆ ಕೊಟ್ಟವರೂ ಕೊಂಡವರೂ 90 ದಿನದೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು.